‘ನಾನು’ ಸಡಿಲಗೊಳ್ಳುವ ಹೊತ್ತು: ಎಲ್‌ಎಸ್‌ಡಿಯಿಂದ ಬೆಳಕಿನ ಕೋಣೆಯವರೆಗೆ

2003ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಕಲಾ ಸಂಗ್ರಹಾಲಯದೊಳಗೆ ಒಂದು ಸೂರ್ಯ ಮೂಡಿತು. ಹಿಂದೆ ವಿದ್ಯುತ್ ಸ್ಥಾವರವಾಗಿದ್ದ ಆ ಕಟ್ಟಡದ ಟರ್ಬೈನ್ ಹಾಲ್‌ನ ತುದಿಯಲ್ಲಿ ಕಲಾವಿದ ಒಲಾಫರ್ ಎಲಿಯಾಸನ್ ನೂರಾರು ಹಳದಿ ದೀಪಗಳನ್ನು ಅರ್ಧವೃತ್ತದಲ್ಲಿ ಜೋಡಿಸಿ, ಚಾವಣಿಗೆ ಕನ್ನಡಿ ಹೊದಿಸಿ, ಒಳಗೆ ತೆಳುವಾದ ಮಂಜು ಹರಡಿಸಿದ್ದರು. ಕನ್ನಡಿಯ ಪ್ರತಿಬಿಂಬ ಸೇರಿ ಅರ್ಧವೃತ್ತ ಪೂರ್ಣ ಬಿಂಬವಾಗಿ ಕಾಣುತ್ತಿತ್ತು. ದೀಪಗಳ ಬೆಳಕು ಹೆಚ್ಚುಕಡಿಮೆ ಒಂದೇ ತರಂಗಾಂತರದ್ದಾಗಿದ್ದುದರಿಂದ ಹಳದಿ ಮತ್ತು ಕಪ್ಪು ಬಿಟ್ಟರೆ ಉಳಿದ ಬಣ್ಣಗಳೆಲ್ಲ ಅಲ್ಲಿ ಅಳಿಸಿಹೋಗಿದ್ದವು. ಬಂದವರು ಒಂದಿಷ್ಟು ಹೊತ್ತು ನಿಂತು ನೋಡಿ, ಯಾರೂ ಹೇಳದೆಯೇ ನೆಲದ ಮೇಲೆ ಅಂಗಾತ ಮಲಗಿಬಿಡುತ್ತಿದ್ದರು; ಬಹು ಎತ್ತರದ ಆ ಕನ್ನಡಿಯಲ್ಲಿ ಇರುವೆಗಳಂತೆ ಕಾಣುವ ಆಕೃತಿಗಳ ನಡುವೆ ತಾವು ಯಾರೆಂದು ಗುರುತು ಹಿಡಿಯಲು ಕೈಕಾಲು ಆಡಿಸುತ್ತಿದ್ದರು. 2004ರ ಮಾರ್ಚ್‌ನಲ್ಲಿ ಪ್ರದರ್ಶನ ಮುಗಿಯುವಷ್ಟರಲ್ಲಿ 20 ಲಕ್ಷಕ್ಕೂ ಹೆಚ್ಚು ಮಂದಿ ಬಂದುಹೋಗಿದ್ದರು.

1960ರ ದಶಕದಲ್ಲಿ ಹರೆಯದಲ್ಲಿದ್ದ ಪಾಶ್ಚಾತ್ಯ ಪೀಳಿಗೆಯೊಂದು ಮನಸ್ಸಿನ ಗಡಿ ದಾಟಲು ಎಲ್‌ಎಸ್‌ಡಿಯಂಥ, ಭ್ರಮಾನುಭವ ತರುವ ರಾಸಾಯನಿಕ ದ್ರವ್ಯಗಳನ್ನು ನೆಚ್ಚಿಕೊಂಡಿತ್ತು. ಆ ಪೀಳಿಗೆಯವರು ಈಗ ಎಪ್ಪತ್ತು ದಾಟಿದ್ದಾರೆ. ಅವರಲ್ಲಿ ಕೆಲವರು ಹರೆಯದಲ್ಲಿ ಕಂಡದ್ದನ್ನು ಇಳಿವಯಸ್ಸಿನಲ್ಲಿ ಇಂಥ ಬೆಳಕಿನ ಕೋಣೆಗಳಲ್ಲಿ ಮತ್ತೆ ಅರಸುವುದನ್ನು ಬರೀ ಹಳೆಯ ನೆನಪಿನ ಸೆಳೆತವೆಂದು ತಳ್ಳಿಹಾಕುವುದು ಸರಿಯಲ್ಲ. ದ್ರವ್ಯವೂ ಇಂಥ ಕಲೆಯೂ ಮಿದುಳಿನ ಒಂದೇ ಗಂಟನ್ನು ಸಡಿಲಿಸುತ್ತವೆ. ದ್ರವ್ಯ ಅದನ್ನು ಒಳಗಿನಿಂದ ಸಡಿಲಿಸಿದರೆ ಕಲೆ ಹೊರಗಿನಿಂದ ಸಡಿಲಿಸುತ್ತದೆ. ಈ ವ್ಯತ್ಯಾಸ ಅರ್ಥವಾದರೆ ಎರಡರ ಸಾಮ್ಯವೂ ಎರಡರ ನಡುವಿನ ಅಂತರವೂ ತಾವಾಗಿ ತಿಳಿಯುತ್ತವೆ.

ಮೊದಲು ಆ ಗಂಟು ಯಾವುದೆಂದು ನೋಡೋಣ. ಮುಖವಾಡವೊಂದನ್ನು ತಿರುಗಿಸಿ ಅದರ ಒಳಬದಿಯನ್ನು, ಅಂದರೆ ಒಳಕ್ಕೆ ತಗ್ಗಿರುವ ಭಾಗವನ್ನು, ತುಸು ದೂರದಿಂದ ಒಂದೇ ಕಣ್ಣಿನಲ್ಲಿ ನೋಡಿದರೆ ತಗ್ಗು ಕಾಣುವುದೇ ಇಲ್ಲ. ಮೂಗು ಮುಂದಕ್ಕೆ ಚಾಚಿದ ಸಾಮಾನ್ಯ ಮುಖವೇ ಕಾಣುತ್ತದೆ. ಅದು ತಗ್ಗೆಂದು ಗೊತ್ತಿದ್ದರೂ ಉಬ್ಬಾಗಿಯೇ ಕಾಣುತ್ತದೆ. ಹುಟ್ಟಿದಂದಿನಿಂದ ನೋಡಿದ ಮುಖಗಳೆಲ್ಲ ಉಬ್ಬಿದವೇ ಆಗಿರುವುದರಿಂದ ಮಿದುಳು ಕಣ್ಣು ಕೊಟ್ಟ ಸಾಕ್ಷ್ಯವನ್ನು ಬದಿಗೊತ್ತಿ ತನ್ನ ಅಂದಾಜನ್ನೇ ನಮ್ಮ ಮುಂದೆ ಇಡುತ್ತದೆ. ನಾವು ‘ನೋಡುವುದು’ ಎನ್ನುವ ಕ್ರಿಯೆಯ ಬಹುಪಾಲು ಹೀಗೆಯೇ ನಡೆಯುತ್ತದೆ ಎಂಬುದು ನರವಿಜ್ಞಾನದ ಇಂದಿನ ಪ್ರಬಲ ವಾದಗಳಲ್ಲೊಂದು: ಮಿದುಳು ಮೊದಲೇ ಅಂದಾಜು ಕಟ್ಟುತ್ತದೆ, ಇಂದ್ರಿಯಗಳು ತರುವ ಸುದ್ದಿ ಆ ಅಂದಾಜನ್ನು ತಿದ್ದುತ್ತದೆ. ವಯಸ್ಸಾದಂತೆ ಅಂದಾಜುಗಳು ಗಟ್ಟಿಯಾಗುತ್ತವೆ, ಏಕೆಂದರೆ ಅವು ಬಹುಮಟ್ಟಿಗೆ ನಿಜವಾಗುತ್ತ ಬಂದಿರುತ್ತವೆ. ದಿನವೂ ನಡೆಯುವ ದಾರಿಯಲ್ಲಿರುವ ಮರ ಕಣ್ಣಿಗೆ ಬಿದ್ದರೂ ಕಾಣದಂತಾಗುವುದು ಇದರಿಂದಲೇ. ಈ ಅಂದಾಜುಗಳ ರಾಶಿಯಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ‘ನಾನು’ ಎಂಬ ಅಂದಾಜು. ನನ್ನ ದೇಹ ಇಲ್ಲಿಗೆ ಮುಗಿಯುತ್ತದೆ, ಅಲ್ಲಿಂದಾಚೆ ಲೋಕ. ನಾನು ಇಂಥವನು, ನನಗೆ ಇಂಥದ್ದೇ ಆಗುತ್ತದೆ ಎಂಬ ಎಡೆಬಿಡದ ಒಳಮಾತನ್ನು ಅದು ನಡೆಸುತ್ತಿರುತ್ತದೆ.

ಈ ಅಂದಾಜು ಎಷ್ಟು ಸುಲಭವಾಗಿ ಕುಸಿಯಬಲ್ಲದೆಂಬುದು ಆಕಸ್ಮಿಕವಾಗಿ ಗೊತ್ತಾಯಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸ್ಯಾಂಡೋಜ್ ಕಂಪನಿಯಲ್ಲಿ ರಸಾಯನಶಾಸ್ತ್ರಜ್ಞರಾಗಿದ್ದ ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ, ಧಾನ್ಯದ ತೆನೆಗೆ ತಗಲುವ ಅರ್ಗಟ್ ಎಂಬ ಶಿಲೀಂಧ್ರದ ಸಂಯುಕ್ತಗಳ ಮೇಲೆ ಕೆಲಸ ಮಾಡುತ್ತ ಎಲ್‌ಎಸ್‌ಡಿಯನ್ನು ತಯಾರಿಸಿದರು. ಆಗ ಅದರಲ್ಲಿ ಯಾರಿಗೂ ವಿಶೇಷವೇನೂ ಕಾಣಲಿಲ್ಲ. ಐದು ವರ್ಷಗಳ ಬಳಿಕ ಅದನ್ನು ಮತ್ತೆ ತಯಾರಿಸುವಾಗ ಅವರಿಗೆ ವಿಚಿತ್ರವಾದ ಮಂಪರು ಕವಿಯಿತು. ಕಾರಣ ತಿಳಿಯಲೆಂದು 1943ರ ಏಪ್ರಿಲ್ 19ರಂದು ತಾವೇ 0.25 ಮಿಲಿಗ್ರಾಂ ಸೇವಿಸಿದರು. ಅದು ಪುಡಿ ಉಪ್ಪಿನ ನಾಲ್ಕೈದು ಕಣಗಳ ತೂಕ. ಏನಾದರೂ ಪರಿಣಾಮ ಕಾಣಬಹುದಾದ ಅತಿ ಕಡಿಮೆ ಪ್ರಮಾಣ ಅದೆಂದು ಅವರ ಎಣಿಕೆಯಾಗಿತ್ತು. ಯುದ್ಧಕಾಲವಾದ್ದರಿಂದ ಕಾರು ಸಿಗದೆ, ಸಹಾಯಕಿಯ ಜೊತೆ ಸೈಕಲ್ಲಿನಲ್ಲಿ ಮನೆಗೆ ಹೊರಟರು. ಎಷ್ಟು ತುಳಿದರೂ ಸೈಕಲ್ಲು ಇದ್ದಲ್ಲೇ ಇದೆಯೆಂದು ಅವರಿಗೆ ಅನಿಸಿದರೆ, ತಾವಿಬ್ಬರೂ ಬಹಳ ವೇಗವಾಗಿ ಬಂದೆವೆಂದು ಸಹಾಯಕಿ ಆಮೇಲೆ ಹೇಳಿದರು. ಮನೆಯಲ್ಲಿ ಪೀಠೋಪಕರಣಗಳು ಭಯಾನಕ ರೂಪ ತಾಳಿದವು, ಹಾಲು ತಂದುಕೊಟ್ಟ ನೆರೆಮನೆಯಾಕೆ ಮಾಟಗಾತಿಯಂತೆ ಕಂಡರು, ತಾನು ಸಾಯುತ್ತಿದ್ದೇನೆಂದೇ ಅವರು ನಂಬಿದರು. ಪರೀಕ್ಷಿಸಿದ ವೈದ್ಯರಿಗೆ ಹಿಗ್ಗಿದ ಪಾಪೆಗಳ ಹೊರತು ಬೇರೇನೂ ಕಾಣಲಿಲ್ಲ. ರಾತ್ರಿಯಾಗುತ್ತ ಭಯ ಇಳಿದು, ಮುಚ್ಚಿದ ಕಣ್ಣಿನೊಳಗೆ ಬಣ್ಣಗಳ ಹೊಳೆಯೇ ಹರಿಯಿತು. ಮರುದಿನ ಬೆಳಿಗ್ಗೆ ತೋಟಕ್ಕೆ ಹೋದರೆ, ಮಳೆ ನಿಂತ ಮೇಲಿನ ಬಿಸಿಲಿನಲ್ಲಿ ಲೋಕವೇ ಆಗಷ್ಟೇ ಹುಟ್ಟಿದಂತೆ ಹೊಳೆಯುತ್ತಿತ್ತು ಎಂದು ಅವರು ಬರೆದುಕೊಂಡಿದ್ದಾರೆ. ಭಯ, ಬೆರಗು, ಆಮೇಲಿನ ಹೊಸ ಕಣ್ಣು: ಮುಂದೆ ಸಾವಿರಾರು ಜನ ಹೇಳಲಿದ್ದ ಕಥೆಯ ಮೂರೂ ಭಾಗಗಳು ಆ ಒಂದೇ ದಿನದಲ್ಲಿ ಇದ್ದವು.

ನಂತರದ ಚರಿತ್ರೆಯನ್ನು ಚಿಕ್ಕದಾಗಿಯೇ ಹೇಳಬಹುದು. ‘ಸೈಕೆಡೆಲಿಕ್’ ಎಂಬ ಪದವನ್ನು ಮನೋವೈದ್ಯ ಹಂಫ್ರಿ ಆಸ್ಮಂಡ್ 1956ರಲ್ಲಿ ಕಟ್ಟಿದರು. ಗ್ರೀಕ್ ಮೂಲದ ಈ ಪದಕ್ಕೆ ಮನಸ್ಸನ್ನು ತೋರಿಸಿಕೊಡುವುದು ಎಂಬ ಅರ್ಥವಿದೆ. 1958ರಲ್ಲಿ ಹಾಫ್‌ಮನ್ ಅವರೇ ಮೆಕ್ಸಿಕೋದ ಅಣಬೆಗಳಿಂದ ಸಿಲೊಸೈಬಿನ್ ಎಂಬ ಇನ್ನೊಂದು ದ್ರವ್ಯವನ್ನು ಬೇರ್ಪಡಿಸಿದರು. ಆ ಅಣಬೆಗಳನ್ನು ಅಲ್ಲಿನ ಮೂಲನಿವಾಸಿಗಳಾದ ಮಝಟೆಕ್ ಜನರು ಬಹುಕಾಲದಿಂದ ರಾತ್ರಿಯ ಚಿಕಿತ್ಸಾ ವಿಧಿಗಳಲ್ಲಿ ಬಳಸುತ್ತ ಬಂದಿದ್ದರು. ವೈದ್ಯಕೀಯ ಸಂಶೋಧನೆ ಭರದಿಂದ ನಡೆಯುತ್ತಿದ್ದಾಗಲೇ ದ್ರವ್ಯ ಪ್ರಯೋಗಾಲಯದ ಬಾಗಿಲು ದಾಟಿ ಬೀದಿಗೆ ಬಂತು. ಅವಘಡಗಳೂ ಆದವು, ರಾಜಕೀಯವೂ ಬೆರೆಯಿತು. ಅಮೆರಿಕ 1970ರಲ್ಲಿ ಇವುಗಳನ್ನು ಅತಿ ಕಠಿಣ ನಿಷೇಧದ ಪಟ್ಟಿಗೆ ಸೇರಿಸಿತು, ಮರುವರ್ಷ ವಿಶ್ವಸಂಸ್ಥೆಯ ಒಪ್ಪಂದ ಅದನ್ನೇ ಜಗತ್ತಿಗೆ ಹರಡಿತು. ಮಾನವರ ಮೇಲಿನ ಅಧ್ಯಯನಗಳು ದಶಕಗಳ ಕಾಲ ಬಹುತೇಕ ನಿಂತೇಹೋದವು.

ಒಳಗಿನಿಂದ ಗಂಟು ಸಡಿಲಗೊಳ್ಳುವ ಬಗೆಯನ್ನು ಮಾತ್ರ ಬಿಡಿಸಿ ಹೇಳಬೇಕು. ಈ ದ್ರವ್ಯಗಳ ಅಣುಗಳು ನರಕೋಶಗಳ ನಡುವೆ ಸಂದೇಶ ಒಯ್ಯುವ ಸೆರೊಟೋನಿನ್ ಎಂಬ ನರವಾಹಕವನ್ನು ಹೋಲುತ್ತವೆ. ಮಿದುಳಿನ ಹೊರಪದರದ ನರಕೋಶಗಳ ಮೇಲಿರುವ ‘5-ಎಚ್‌ಟಿ2ಎ’ ಎಂಬ ಗ್ರಾಹಕಕ್ಕೆ, ಅಂದರೆ ಅಣು ಬಂದು ಕೂರುವ ತಾಣಕ್ಕೆ (ರಿಸೆಪ್ಟರ್), ಅವು ಅಂಟಿಕೊಳ್ಳುತ್ತವೆ. 1998ರಲ್ಲಿ ಝೂರಿಕ್‌ನ ಫ್ರಾನ್ಜ್ ವೋಲೆನ್‌ವೈಡರ್ ಅವರ ತಂಡ ಈ ಗ್ರಾಹಕಕ್ಕೆ ಮೊದಲೇ ತಡೆ ಹಾಕುವ ಕೆಟಾನ್ಸೆರಿನ್ ಎಂಬ ಔಷಧವನ್ನು ಕೊಟ್ಟು ನಂತರ ಸಿಲೊಸೈಬಿನ್ ಕೊಟ್ಟಾಗ ಭ್ರಮಾನುಭವ ಉಂಟಾಗಲಿಲ್ಲ. ಅಲ್ಲಿಗೆ ಅನುಭವದ ಕೀಲಿ ಎಲ್ಲಿದೆಯೆಂಬುದು ಖಚಿತವಾಯಿತು. ಎಲ್‌ಎಸ್‌ಡಿಯ ಪರಿಣಾಮ ಹತ್ತು ಹನ್ನೆರಡು ಗಂಟೆ ಏಕೆ ಉಳಿಯುತ್ತದೆ ಎಂಬುದಕ್ಕೆ 2017ರಲ್ಲಿ ಸುಳಿವು ಸಿಕ್ಕಿತು: ಇದೇ ಕುಟುಂಬದ ಇನ್ನೊಂದು ಗ್ರಾಹಕದ ರಚನೆಯನ್ನು ಬಿಡಿಸಿ ನೋಡಿದಾಗ, ಅಣು ಒಳಗೆ ಕುಳಿತ ಮೇಲೆ ಗ್ರಾಹಕದ ಒಂದು ಭಾಗ ಮುಚ್ಚಳದಂತೆ ಅದರ ಮೇಲೆ ಮಡಚಿಕೊಳ್ಳುವುದು ಕಂಡುಬಂತು.

ಅಣುವಿನ ಮಟ್ಟದಿಂದ ಅನುಭವದ ಮಟ್ಟಕ್ಕೆ ಬರುವುದು ಇದಕ್ಕಿಂತ ಕಷ್ಟ. ನಾವು ಯಾವ ಕೆಲಸವನ್ನೂ ಮಾಡದೆ ಸುಮ್ಮನೆ ಕುಳಿತಾಗ ಮಿದುಳಿನ ಕೆಲವು ಭಾಗಗಳು ಒಟ್ಟಾಗಿ ಚುರುಕಾಗಿರುತ್ತವೆ ಎಂಬುದನ್ನು ಮಾರ್ಕಸ್ ರೇಕಲ್ ಮತ್ತು ಸಂಗಡಿಗರು 2001ರಲ್ಲಿ ವಿವರಿಸಿದರು. ಡೀಫಾಲ್ಟ್ ಮೋಡ್ ನೆಟ್‌ವರ್ಕ್ ಎಂದು ಕರೆಯಲಾಗುವ ಈ ಜಾಲ ತನ್ನ ಬಗ್ಗೆ ಯೋಚಿಸುವಾಗ, ಹಿಂದಿನದನ್ನು ಮೆಲುಕು ಹಾಕುವಾಗ, ನಾಳೆಯನ್ನು ಕಲ್ಪಿಸಿಕೊಳ್ಳುವಾಗ ಕೆಲಸ ಮಾಡುತ್ತದೆ. ‘ನಾನು’ ಎಂಬ ಒಳಮಾತಿನ ಮುಖ್ಯ ನೆಲೆ ಇದೇ ಎನ್ನಬಹುದು. 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಲಂಡನ್ನಿನ ರಾಬಿನ್ ಕಾರ್‌ಹಾರ್ಟ್-ಹ್ಯಾರಿಸ್ ಅವರ ತಂಡ ಸಿಲೊಸೈಬಿನ್ ಪಡೆದವರ ಮಿದುಳನ್ನು ಸ್ಕ್ಯಾನ್ ಮಾಡಿತ್ತು. ಅಷ್ಟು ಬಣ್ಣ, ಅಷ್ಟು ದೃಶ್ಯ ಕಾಣುವಾಗ ಮಿದುಳು ಉರಿಯುತ್ತಿರಬೇಕೆಂದು ಯಾರಾದರೂ ಊಹಿಸುತ್ತಾರೆ. ಆದರೆ ಈ ಜಾಲದ ಮುಖ್ಯ ಕೇಂದ್ರಗಳಲ್ಲಿ ರಕ್ತಪ್ರವಾಹ ಇಳಿದಿತ್ತು. 2024ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಏಳೇ ಮಂದಿಯನ್ನು ಮತ್ತೆ ಮತ್ತೆ ಸ್ಕ್ಯಾನ್ ಮಾಡಿ, ಸದಾ ಒಂದೇ ತಾಳಕ್ಕೆ ಮಿಡಿಯುವ ನರಜಾಲಗಳು ದ್ರವ್ಯದ ಪ್ರಭಾವದಲ್ಲಿ ತಾಳ ತಪ್ಪುತ್ತವೆಂದೂ, ಅದರ ಜಾಡು ಕೆಲವು ವಾರಗಳವರೆಗೆ ಉಳಿಯುತ್ತದೆಂದೂ ತೋರಿಸಿತು. ಅದರಲ್ಲಿ ನನ್ನನ್ನು ಹೆಚ್ಚು ಸೆಳೆದ ಅಂಶ ಬೇರೆಯೇ: ಆ ಹೊತ್ತಿನಲ್ಲಿ ಅವರಿಗೆ ಕಣ್ಣು ಕಿವಿಗಳನ್ನು ಬಳಸಬೇಕಾದ ಸರಳ ಕೆಲಸವೊಂದನ್ನು ಕೊಟ್ಟಾಗ ತಾಳ ತಪ್ಪುವಿಕೆ ಕಡಿಮೆಯಾಯಿತು. ಹೊರಲೋಕಕ್ಕೆ ಗಮನ ಕೊಡುವುದು ಮಾತ್ರವೇ ಮಿದುಳಿನ ಸ್ಥಿತಿಯನ್ನು ಅಷ್ಟು ಬದಲಿಸಬಲ್ಲದಾದರೆ, ಸುತ್ತಲಿನ ಪರಿಸರ ಈ ಅನುಭವಕ್ಕೆ ಬರೀ ಹಿನ್ನೆಲೆಯಲ್ಲ.

ಹಳಬರು ಇದನ್ನು ಅನುಭವದಿಂದಲೇ ಕಂಡುಕೊಂಡಿದ್ದರು. ಸೇವಿಸುವವನ ಮನಃಸ್ಥಿತಿ ಮತ್ತು ಸುತ್ತಣ ಸನ್ನಿವೇಶ ಎರಡೂ ಸೇರಿಯೇ ಅನುಭವದ ಸ್ವರೂಪವನ್ನು ತೀರ್ಮಾನಿಸುತ್ತವೆ ಎಂಬ ಮಾತು 1960ರ ದಶಕದ ಆರಂಭದಿಂದಲೂ ಚಾಲ್ತಿಯಲ್ಲಿದೆ. 2006ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ರೋಲಂಡ್ ಗ್ರಿಫಿತ್ಸ್ ಪ್ರಕಟಿಸಿದ ಅಧ್ಯಯನದ ಕೋಣೆ ಆಸ್ಪತ್ರೆಯ ಕೋಣೆಯಂತಿರದೆ ಮನೆಯ ನಡುಮನೆಯಂತಿತ್ತು. ಸೋಫಾ, ಕಣ್ಣಿಗೆ ಪಟ್ಟಿ, ಕಿವಿಗೆ ಶಾಸ್ತ್ರೀಯ ಸಂಗೀತ, ಪಕ್ಕದಲ್ಲಿ ಮೊದಲೇ ಹಲವು ಗಂಟೆ ಮಾತನಾಡಿ ಪರಿಚಯವಾಗಿದ್ದ ಮೇಲ್ವಿಚಾರಕರು. 36 ಸ್ವಯಂಸೇವಕರ ಸರಾಸರಿ ವಯಸ್ಸು 46. ಹರೆಯದವರ ಪ್ರಯೋಗವೇನೂ ಅದಾಗಿರಲಿಲ್ಲ. ಎರಡು ತಿಂಗಳ ಬಳಿಕ ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಆ ದಿನವನ್ನು ತಮ್ಮ ಬದುಕಿನ ಅತ್ಯಂತ ಅರ್ಥಪೂರ್ಣ ಅನುಭವಗಳ ಮೊದಲ ಐದರಲ್ಲಿ ಸೇರಿಸಿದರು. ಅಷ್ಟೆಲ್ಲ ಎಚ್ಚರದ ನಡುವೆಯೂ ಸುಮಾರು ಮೂರರಲ್ಲೊಂದು ಪಾಲು ಜನರಿಗೆ ಯಾವುದೋ ಹಂತದಲ್ಲಿ ತೀವ್ರ ಭಯವಾಗಿತ್ತು ಎಂಬ ಮಾತನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಇದನ್ನು ಬಿಟ್ಟು ಅದನ್ನು ಮಾತ್ರ ಹೇಳುವುದು ಅಪಾಯಕಾರಿ.

ಸನ್ನಿವೇಶದ ಪಾತ್ರ ಇಷ್ಟು ದೊಡ್ಡದಾದರೆ, ಸನ್ನಿವೇಶವನ್ನೇ ಕೃತಿಯಾಗಿಸಿದರೆ ಏನಾದೀತು? ಒಳಹೊಕ್ಕು ಅನುಭವಿಸುವ ಕಲೆಯ ಹಿಂದಿರುವ ಪ್ರಶ್ನೆ ಇದು. ಚಿತ್ರಪಟದ ಎದುರು ನಿಂತವನಿಗೆ ತಾನು ಇಲ್ಲಿ, ಚಿತ್ರ ಅಲ್ಲಿ ಎಂಬುದು ಸ್ಪಷ್ಟವಾಗಿರುತ್ತದೆ. ಒಳಹೊಕ್ಕು ನೋಡುವ ಕೃತಿಯಲ್ಲಿ ಆ ಗೆರೆಯೇ ಇರುವುದಿಲ್ಲ.

ಇದನ್ನು ಅತಿ ಶುದ್ಧ ರೂಪದಲ್ಲಿ ಮಾಡಿದವರು ಜೇಮ್ಸ್ ಟರೆಲ್. 1943ರಲ್ಲಿ ಹುಟ್ಟಿದ ಅವರು ಕಾಲೇಜಿನಲ್ಲಿ ಓದಿದ್ದು ಗ್ರಹಿಕೆಯ ಮನೋವಿಜ್ಞಾನ. ಅಲ್ಲಿಂದ ಅವರು ಎತ್ತಿಕೊಂಡ ಒಂದು ವಿದ್ಯಮಾನಕ್ಕೆ ಗಾಂಜ್‌ಫೆಲ್ಡ್ ಎಂದು ಹೆಸರು. ಜರ್ಮನ್ ಭಾಷೆಯಲ್ಲಿ ಅದು ‘ಪೂರ್ಣ ಕ್ಷೇತ್ರ’. ಟೇಬಲ್ ಟೆನ್ನಿಸ್ ಚೆಂಡನ್ನು ಎರಡು ಹೋಳು ಮಾಡಿ ಕಣ್ಣುಗಳ ಮೇಲಿಟ್ಟು, ಎದುರಿಗೆ ಕೆಂಪು ದೀಪ ಹಚ್ಚಿದರೆ ಮೊದಲಿಗೆ ಕಣ್ತುಂಬ ಕೆಂಪೇ ಕಾಣುತ್ತದೆ. ಕೆಲವು ನಿಮಿಷ ಕಳೆದಂತೆ, ದೀಪ ಹಾಗೆಯೇ ಉರಿಯುತ್ತಿದ್ದರೂ, ಕೆಂಪು ಸೋರಿಹೋಗಿ ಬೂದು ಮಂಜು ಉಳಿಯುತ್ತದೆ. ಅಂಚು, ನೆರಳು, ಚಲನೆ ಯಾವುದೂ ಇಲ್ಲದ ಕಡೆ ಕಣ್ಣಿಗೆ ಸುದ್ದಿಯೇ ಇರುವುದಿಲ್ಲ. ಸುದ್ದಿ ಬಾರದೆ ಹೋದಾಗ ಮಿದುಳು ಸುಮ್ಮನಿರದೆ ತನ್ನದೇ ಅಂದಾಜುಗಳನ್ನು ಹರಿಯಬಿಡುತ್ತದೆ. ಹೆಚ್ಚು ಹೊತ್ತು ಹಾಗೆಯೇ ಇದ್ದವರಲ್ಲಿ ಹಲವರಿಗೆ ಆಕಾರಗಳು, ಒಮ್ಮೊಮ್ಮೆ ದೃಶ್ಯಗಳೇ ತೇಲಿಬರುತ್ತವೆ. ಟರೆಲ್ ಇದನ್ನು ಇಡೀ ಕೋಣೆಯಾಗಿ ಕಟ್ಟುತ್ತಾರೆ. ಗೋಡೆ ನೆಲ ಸೇರುವ ಮೂಲೆಗಳನ್ನೆಲ್ಲ ಉರುಟಾಗಿಸಿ ಏಕರೂಪದ ಬಣ್ಣದ ಬೆಳಕು ತುಂಬಿದರೆ, ಒಳಗೆ ನಿಂತವನಿಗೆ ಕೋಣೆ ಒಂದು ಮಾರು ದೂರದಲ್ಲಿ ಮುಗಿಯುತ್ತದೋ ಹತ್ತು ಮೈಲಿ ದೂರದಲ್ಲೋ ತಿಳಿಯುವುದಿಲ್ಲ. ಚಾಚಿದ ಕೈಯ ಅಂಚೇ ಕಣ್ಣಿಗೆ ಇರುವ ಏಕೈಕ ಆಧಾರ. ಬೆಳಕಿನಿಂದ ಮೂಡುವ ಈ ಭ್ರಮೆ ಎಷ್ಟು ಗಟ್ಟಿಯೆಂದರೆ, 1980ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಅವರ ಪ್ರದರ್ಶನದಲ್ಲಿ ಇಲ್ಲದ ಗೋಡೆಗೆ ಒರಗಲು ಹೋಗಿ ಬಿದ್ದವರಿದ್ದರು, ಮೊಕದ್ದಮೆಯೂ ಹೂಡಲಾಯಿತು.

ಇದು ದ್ರವ್ಯದ ಕೆಲಸಕ್ಕೆ ಸರಿಯಾದ ಕನ್ನಡಿ. ಸಾಕ್ಷ್ಯ ಯಥಾಪ್ರಕಾರ ಬರುತ್ತಿರುವಾಗಲೇ ಅಂದಾಜಿನ ಬಿಗಿತವನ್ನು ಇಳಿಸುವುದು ದ್ರವ್ಯದ ಬಗೆ. ಅಂದಾಜು ಬಿಗಿಯಾಗಿರುವಾಗಲೇ ಅದಕ್ಕೆ ಆಧಾರವಾದ ಸಾಕ್ಷ್ಯವನ್ನು ಹಿಂತೆಗೆದುಕೊಳ್ಳುವುದು ಬೆಳಕಿನ ಕೋಣೆಯ ಬಗೆ. ಎರಡೂ ಕಡೆ ಮನುಷ್ಯನಿಗೆ ತಿಳಿದುಬರುವ ಸಂಗತಿ ಒಂದೇ: ‘ಹೊರಗಿದೆ’ ಎಂದು ತಾನು ತಿಳಿದಿದ್ದರಲ್ಲಿ ಬಹುಪಾಲನ್ನು ತಾನೇ ಕಟ್ಟುತ್ತಿದ್ದೆ.

ಮಿನುಗುವ ಬೆಳಕಿನ ಪ್ರಕರಣದಲ್ಲಿ ಈ ಹೋಲಿಕೆ ಇನ್ನೂ ಹತ್ತಿರದ್ದು. ಮುಚ್ಚಿದ ರೆಪ್ಪೆಗಳ ಮೇಲೆ ಸೆಕೆಂಡಿಗೆ ಸುಮಾರು ಹತ್ತು ಬಾರಿ ಬೆಳಕು ಮಿನುಗಿದರೆ ಕಣ್ಣೊಳಗೆ ಬಣ್ಣಬಣ್ಣದ ಜಾಲರಿ, ಸುರುಳಿ, ಸುರಂಗಗಳು ಎದ್ದುಬರುತ್ತವೆ. ಇವು 1920ರ ದಶಕದಲ್ಲಿ ಹೈನ್ರಿಶ್ ಕ್ಲೂವರ್ ಎಂಬ ಮನೋವಿಜ್ಞಾನಿ ಮೆಸ್ಕಲಿನ್ ಎಂಬ ಇನ್ನೊಂದು ಸೈಕೆಡೆಲಿಕ್ ದ್ರವ್ಯ ಸೇವಿಸಿದವರ ವರ್ಣನೆಗಳಿಂದ ಆಯ್ದು ಪಟ್ಟಿ ಮಾಡಿದ ಆಕಾರಗಳೇ. ಮಿದುಳಿನಲ್ಲಿ ದೃಷ್ಟಿಯನ್ನು ನಿಭಾಯಿಸುವ ಹೊರಪದರದ ಭಾಗದಲ್ಲಿ ನರಕೋಶಗಳು ಜೋಡಣೆಯಾಗಿರುವ ರೀತಿಯಿಂದಾಗಿ ಅಲ್ಲಿ ಏಳುವ ನೇರ ಪಟ್ಟೆಗಳು ನಮಗೆ ಸುರುಳಿಯಾಗಿ, ಸುರಂಗವಾಗಿ ಕಾಣುತ್ತವೆಂದು 1979ರಲ್ಲಿ ಗಣಿತದ ಮೂಲಕ ತೋರಿಸಲಾಯಿತು. ಕವಿ-ಕಲಾವಿದ ಬ್ರಯಾನ್ ಗೈಸಿನ್ ಮತ್ತು ಇಯಾನ್ ಸಮರ್ವಿಲ್ ಅವರು ಸೀಳುಗಳಿರುವ ಕೊಳವೆಯೊಂದನ್ನು ಗ್ರಾಮಾಫೋನ್ ತಟ್ಟೆಯ ಮೇಲೆ ತಿರುಗಿಸಿ, ನಡುವೆ ಬಲ್ಬು ಇಟ್ಟು, ಕಣ್ಣು ಮುಚ್ಚಿ ನೋಡುವ ‘ಡ್ರೀಮಷೀನ್’ ಮಾಡಿದ್ದರು. 2022ರಲ್ಲಿ ಅದೇ ಹೆಸರಿನ ದೊಡ್ಡ ಪ್ರದರ್ಶನ ಬ್ರಿಟನ್ನಿನ ನಾಲ್ಕು ನಗರಗಳಲ್ಲಿ ನಡೆಯಿತು. ನರವಿಜ್ಞಾನಿ ಅನಿಲ್ ಸೇತ್ ಅದರಲ್ಲಿ ಕೈಜೋಡಿಸಿದ್ದರು. ಮೂರ್ಛೆರೋಗವಿರುವವರಿಗೆ ಇಂಥ ಬೆಳಕು ಅಪಾಯಕಾರಿ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಈ ಎರಡು ಲೋಕಗಳನ್ನು ಇತಿಹಾಸವೂ ಬೆಸೆದಿದೆ. 1965–66ರಲ್ಲಿ ಕ್ಯಾಲಿಫೋರ್ನಿಯಾದ ಎಲ್‌ಎಸ್‌ಡಿ ಕೂಟಗಳಲ್ಲಿ ಗೋಡೆಗಳ ಮೇಲೆ ದ್ರವರೂಪದ ಬಣ್ಣಗಳು ಹರಿಯುತ್ತಿದ್ದಾಗ ಅಲ್ಲಿ ನುಡಿಸುತ್ತಿದ್ದ ತಂಡ ಗ್ರೇಟ್‌ಫುಲ್ ಡೆಡ್. ಅದರ ಉಳಿದ ಸದಸ್ಯರಲ್ಲಿ ಕೆಲವರು ಕಟ್ಟಿದ ತಂಡ 2024ರಲ್ಲಿ ಲಾಸ್ ವೇಗಸ್‌ನ ಸ್ಫಿಯರ್ ಎಂಬ ಗೋಳಾಕಾರದ ಸಭಾಂಗಣದಲ್ಲಿ, ಪ್ರೇಕ್ಷಕರನ್ನು ತಲೆಯ ಮೇಲಿನಿಂದಲೂ ಆವರಿಸುವ ಪರದೆಯ ಕೆಳಗೆ, ಸಾಲು ಸಾಲು ಕಾರ್ಯಕ್ರಮ ಕೊಟ್ಟಿತು. ಇತ್ತ 1929ರಲ್ಲಿ ಹುಟ್ಟಿದ ಜಪಾನಿನ ಯಾಯೊಯಿ ಕುಸಾಮ ಅವರ ದಾರಿಯಲ್ಲಿ ದ್ರವ್ಯದ ಪ್ರಸ್ತಾಪವೇ ಬೇಕಿಲ್ಲ. ಬಾಲ್ಯದಿಂದಲೇ ಅವರಿಗೆ ಚುಕ್ಕಿಗಳೂ ಹೂಗಳೂ ಕೋಣೆಯನ್ನೂ ತನ್ನನ್ನೂ ಆವರಿಸಿಬಿಡುವ ಭ್ರಮೆಗಳಾಗುತ್ತಿದ್ದವು. 1965ರಿಂದ ಅವರು ಕಟ್ಟುತ್ತ ಬಂದ ಕನ್ನಡಿ ಕೋಣೆಗಳಲ್ಲಿ ನೋಡುಗನ ಬಿಂಬ ಎಣೆಯಿಲ್ಲದಷ್ಟು ಬಾರಿ ಮರುಕಳಿಸಿ, ಕೊನೆಗೆ ಯಾವುದು ತಾನೆಂಬುದೇ ಗೊತ್ತಾಗದಂತಾಗುತ್ತದೆ. ತನ್ನನ್ನು ಕಾಡಿದ್ದನ್ನು ಇತರರಿಗೆ ಬೆರಗಾಗಿಸಿ ಕೊಟ್ಟ ಆ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ.

ಬೆರಗು ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ. ರಸಸಿದ್ಧಾಂತ ಅದ್ಭುತವನ್ನು ಒಂದು ರಸವೆಂದೂ ವಿಸ್ಮಯವನ್ನು ಅದರ ಸ್ಥಾಯಿಭಾವವೆಂದೂ ಗುರುತಿಸಿ, ಅರಳಿದ ಕಣ್ಣು, ರೋಮಾಂಚನಗಳನ್ನು ಅದರ ಲಕ್ಷಣಗಳೆಂದು ಬಹಳ ಹಿಂದೆಯೇ ಹೇಳಿತ್ತು. ಆಧುನಿಕ ಮನೋವಿಜ್ಞಾನ ಈ ಭಾವದ ಕಡೆ ಗಂಭೀರವಾಗಿ ತಿರುಗಿದ್ದು 2003ರಲ್ಲಿ, ಡ್ಯಾಕರ್ ಕೆಲ್ಟ್ನರ್ ಮತ್ತು ಜೊನಾಥನ್ ಹೈಟ್ ಬರೆದ ಪ್ರಬಂಧದ ನಂತರ. ಅವರ ಪ್ರಕಾರ ಬೆರಗಿಗೆ ಎರಡು ಅಂಗಗಳಿವೆ: ಎದುರಿಗಿರುವುದು ನಮಗಿಂತ ಬಹಳ ದೊಡ್ಡದೆನಿಸಬೇಕು, ಮತ್ತು ಅದನ್ನು ಒಳಗೊಳ್ಳಲು ಮನಸ್ಸಿನ ಈಗಿನ ಚೌಕಟ್ಟು ಸಾಲದೆ ಹೋಗಬೇಕು. ಅಂದಾಜು ಸೋತು, ಹೊಸ ಅಂದಾಜು ಇನ್ನೂ ಹುಟ್ಟದಿರುವ ಆ ನಡುವಿನ ಹೊತ್ತೇ ಬೆರಗು.

ಹಾಗೆಂದು ಬೆಳಕಿನ ಕೋಣೆ ಮತ್ತು ದ್ರವ್ಯ ಎರಡೂ ಒಂದೇ ಎಂದು ಹೇಳುವುದು ಪ್ರಾಮಾಣಿಕವಲ್ಲ. ಕೋಣೆಯಿಂದ ಬೇಕೆಂದಾಗ ಹೊರಬರಬಹುದು. ಗ್ರಾಹಕದೊಳಗೆ ಮುಚ್ಚಳ ಹಾಕಿಕೊಂಡು ಕುಳಿತ ಅಣುವಿಗೆ ಹೊರಡು ಎನ್ನಲಾಗದು. ಆಳದಲ್ಲೂ ವ್ಯತ್ಯಾಸವಿದೆ. ತನ್ನತನವೇ ಕರಗಿಹೋಗುವ, ಸತ್ತವರ ಎದುರು ನಿಂತಂತಾಗುವ ಅನುಭವ ಕಲಾ ಸಂಗ್ರಹಾಲಯದಲ್ಲಿ ಅಪರೂಪ. ಈ ಅಂತರ ಕಿರಿದಾಗುತ್ತಿದೆ ಎಂಬುದಕ್ಕೆ ಒಂದು ಕುತೂಹಲದ ನಿದರ್ಶನ 2022ರದು: ಡೇವಿಡ್ ಗ್ಲೊವಾಕಿ ಮತ್ತು ಸಂಗಡಿಗರು ರೂಪಿಸಿದ ವರ್ಚುವಲ್ ರಿಯಾಲಿಟಿ ಅನುಭವದಲ್ಲಿ, ದೂರದೂರದಲ್ಲಿರುವ ಕೆಲವರು ಬೆಳಕಿನ ಮೋಡಗಳಂಥ ದೇಹಗಳಾಗಿ ಒಂದೆಡೆ ಸೇರಿ, ಒಂದು ಹಂತದಲ್ಲಿ ಒಬ್ಬರೊಳಗೊಬ್ಬರು ಬೆರೆಯುತ್ತಾರೆ. ದ್ರವ್ಯದ ಅಧ್ಯಯನಗಳಲ್ಲಿ ಬಳಸುವ ಪ್ರಶ್ನಾವಳಿಗಳನ್ನೇ ಕೊಟ್ಟಾಗ ಅವರ ಉತ್ತರಗಳು ಮಧ್ಯಮ ಪ್ರಮಾಣದ ಸೈಕೆಡೆಲಿಕ್ ಅನುಭವಗಳಿಗೆ ಹೋಲುವಂತಿದ್ದವು. ಪ್ರಶ್ನಾವಳಿ ಅಳೆಯುವುದು ಅನುಭವದ ನೆನಪನ್ನು ಮಾತ್ರ ಎಂಬ ಎಚ್ಚರ ಇಲ್ಲಿ ಅಗತ್ಯ.

ವಯಸ್ಸಿನ ಲೆಕ್ಕವೂ ಇದೆ. ದ್ರವ್ಯಗಳು ರಕ್ತದೊತ್ತಡವನ್ನೂ ಹೃದಯ ಬಡಿತವನ್ನೂ ಏರಿಸುತ್ತವೆ. ಹೃದಯದ ತೊಂದರೆ ಇರುವವರಿಗೂ ಹಲವು ಔಷಧ ಸೇವಿಸುವವರಿಗೂ ಅದು ಸಣ್ಣ ಸಂಗತಿಯಲ್ಲ. ಮನೋವಿಕೃತಿಯ ಕೌಟುಂಬಿಕ ಹಿನ್ನೆಲೆ ಇದ್ದರೆ ಹರೆಯದಲ್ಲಿಯೂ ಅಪಾಯ ತೀವ್ರವೇ. ಬಹುತೇಕ ದೇಶಗಳಲ್ಲಿ ಇವು ಇಂದಿಗೂ ಕಾನೂನುಬಾಹಿರ. ಆಸ್ಟ್ರೇಲಿಯಾ 2023ರ ಜುಲೈನಿಂದ ಅನುಮತಿ ಪಡೆದ ಮನೋವೈದ್ಯರಿಗೆ ಮಾತ್ರ, ಬೇರೆ ಚಿಕಿತ್ಸೆಗೆ ಬಗ್ಗದ ಖಿನ್ನತೆಗಾಗಿ ಸಿಲೊಸೈಬಿನ್ ಕೊಡಲು ಅವಕಾಶ ಮಾಡಿದೆ. ಇನ್ನೊಂದೆಡೆ, ಕಲೆಯ ಒಡನಾಟ ಇಳಿವಯಸ್ಸಿಗೆ ಒಗ್ಗುತ್ತದೆಂಬ ಸೂಚನೆಗಳಿವೆ. ಇಂಗ್ಲೆಂಡಿನಲ್ಲಿ 50 ದಾಟಿದ 6,710 ಮಂದಿಯನ್ನು 14 ವರ್ಷ ಗಮನಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಕೆಲವು ತಿಂಗಳಿಗೊಮ್ಮೆಯಾದರೂ ಸಂಗ್ರಹಾಲಯ, ರಂಗಭೂಮಿ, ಸಂಗೀತ ಕಚೇರಿಗಳಿಗೆ ಹೋಗುತ್ತಿದ್ದವರಲ್ಲಿ ಆ ಅವಧಿಯ ಸಾವಿನ ಅಪಾಯ, ಎಂದೂ ಹೋಗದವರಿಗಿಂತ 31 ಶೇಕಡಾ ಕಡಿಮೆ ಇತ್ತು. ಹಣ, ಆರೋಗ್ಯ, ಚಲನಶಕ್ತಿಗಳನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೆ ಉಳಿದ ವ್ಯತ್ಯಾಸ ಇದು. ಇದು ನಂಟನ್ನು ತೋರಿಸುತ್ತದೆಯೇ ಹೊರತು ಕಾರಣವನ್ನು ಸಾಬೀತು ಮಾಡುವುದಿಲ್ಲ.

ಕಾರಣಕ್ಕೆ ಹತ್ತಿರ ಬರುವ ಪ್ರಯೋಗವೊಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದಿದೆ. ಅದರಲ್ಲಿ ದ್ರವ್ಯವೂ ಇರಲಿಲ್ಲ, ಬೆಳಕಿನ ಕೋಣೆಯೂ ಇರಲಿಲ್ಲ. ನರವಿಜ್ಞಾನಿ ವರ್ಜಿನಿಯಾ ಸ್ಟರ್ಮ್ ಅವರ ತಂಡ 60ರಿಂದ 90 ವರ್ಷದೊಳಗಿನ 52 ಮಂದಿಯನ್ನು ಎರಡು ಗುಂಪು ಮಾಡಿ, ಎಂಟು ವಾರಗಳ ಕಾಲ ವಾರಕ್ಕೊಮ್ಮೆ 15 ನಿಮಿಷ ನಡೆಯಲು ಹೇಳಿತು. ಒಂದು ಗುಂಪಿಗೆ ಅಷ್ಟೇ ಸೂಚನೆ. ಇನ್ನೊಂದು ಗುಂಪಿಗೆ, ಸಾಧ್ಯವಾದಷ್ಟು ಹೊಸ ಜಾಗಗಳಿಗೆ ಹೋಗಿ, ಮಗುವಿನ ಕಣ್ಣಿನಿಂದ ನೋಡಿ, ಬೆರಗಿಗೆ ಬಾಗಿಲು ತೆರೆದಿಡಿ ಎಂಬ ಮಾತನ್ನೂ ಸೇರಿಸಿತು. ಎಲ್ಲರೂ ಪ್ರತಿ ನಡಿಗೆಯಲ್ಲಿ ತಮ್ಮ ಫೋಟೊಗಳನ್ನು ತಾವೇ ತೆಗೆದುಕೊಳ್ಳಬೇಕಿತ್ತು. 2020ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಬೆರಗಿನ ಗುಂಪಿನವರು ದಿನನಿತ್ಯದ ಸಂತೋಷ, ಕೃತಜ್ಞತೆ ಹೆಚ್ಚಿದುದನ್ನು ವರದಿ ಮಾಡಿದ್ದರು. ಸಂಶೋಧಕರು ಫೋಟೊಗಳನ್ನು ಒಂದೊಂದಾಗಿ ಅಳೆದರು. ವಾರಗಳು ಕಳೆದಂತೆ ಆ ಗುಂಪಿನವರ ಚಿತ್ರಗಳಲ್ಲಿ ನಗು ಅಗಲವಾಗುತ್ತ ಹೋಗಿತ್ತು. ಚೌಕಟ್ಟಿನಲ್ಲಿ ಅವರ ಮುಖ ಮತ್ತು ದೇಹ ಆಕ್ರಮಿಸುತ್ತಿದ್ದ ಜಾಗ ಕಡಿಮೆಯಾಗುತ್ತ, ಹಿಂದಿನ ನೋಟಕ್ಕೆ ಹೆಚ್ಚು ಹೆಚ್ಚು ಜಾಗ ಸಿಕ್ಕಿತ್ತು.